ಕುಗ್ಗಿಸುವ ಪರೀಕ್ಷೆ, ಬೆಳೆಸುವ ಪರೀಕ್ಷೆ



ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಮೊಮ್ಮಕ್ಕಳು ಟಿ.ವಿ. ನೋಡಿ ಕಲಿತ ಆಟವೊಂದನ್ನು ಹೂಡಿದ್ದರು. ದಿನಕ್ಕೊಬ್ಬರನ್ನು ಮನೆಯಿಂದ ‘ಹೊರಗೆ’ ಹಾಕಬೇಕು. ಯಾಕೆಂದು ಎಲ್ಲರೆದುರು ಕಾರಣ ಹೇಳಬೇಕು. ಎಲ್ಲರಿಗಿಂತ ಚಿಕ್ಕವಳ ಸರದಿ ಬಂದಾಗ ಅವಳ ತೊದಲು ಮಾತನ್ನೇ ಕಾರಣ ಮಾಡಿದರು. ಮಗು ಎರಡು ದಿನ ಸರಿಯಾಗಿ ಬಾಯಿ ಬಿಡಲಿಲ್ಲ. ಆಟ ಮಕ್ಕಳದ್ದು, ನಿಜ. ನಿಯಮ ಮಾಡಿದವರು ದೊಡ್ಡವರು.

ಆ ನಿಯಮ 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಆಗಿ ಹುಟ್ಟಿತು. ‘ಬಿಗ್ ಬಾಸ್’ ಎಂಬ ಹೆಸರಿನಲ್ಲಿ 2006ರಲ್ಲಿ ಹಿಂದಿಗೂ 2013ರಲ್ಲಿ ಕನ್ನಡಕ್ಕೂ ಬಂತು. ಒಂದೇ ಸೂರಿನಡಿ ಇರುವವರು ಒಬ್ಬರನ್ನೊಬ್ಬರು ಹೊರಗಟ್ಟಲು ಹೆಸರು ಸೂಚಿಸಬೇಕೆಂಬುದೇ ಅದರ ಅಡಿಪಾಯ. ಅಂಥಲ್ಲಿ ಜಗಳ ಆಕಸ್ಮಿಕವಲ್ಲ, ಮಾರಾಟದ ಸರಕು.

ಅದನ್ನು ರೂಪಿಸಿದ ಜಾನ್ ಡಿ ಮೋಲ್ ಅವರೇ 2010ರಲ್ಲಿ ‘ದ ವಾಯ್ಸ್ ಆಫ್ ಹಾಲೆಂಡ್’ ತಂದರು. ಇಲ್ಲಿ ತೀರ್ಪುಗಾರರು ಹಾಡುವವರಿಗೆ ಬೆನ್ನು ಮಾಡಿ ಕೂರುತ್ತಾರೆ. ಬಣ್ಣ, ಮೈಕಟ್ಟು, ಉಡುಗೆ ಕಾಣದು, ದನಿಯೊಂದೇ ಕೇಳುತ್ತದೆ. ಮೆಚ್ಚಿ ಕುರ್ಚಿ ತಿರುಗಿಸಿದವರಿಗೆ ಆ ಗಾಯಕರನ್ನು ತಿದ್ದಿ ಬೆಳೆಸುವ ಹೊಣೆಯೂ ಬರುತ್ತದೆ. ಮಾಡಿದವರು ಅವರೇ, ಲಾಭದ ಲೆಕ್ಕವೂ ಅದೇ. ನಿಯಮ ಬದಲಾದೊಡನೆ ಅಳೆಯುವ ವಸ್ತುವೇ ಬದಲಾಯಿತು. ಆದರೆ 2022ರಲ್ಲಿ ತೆರೆಯ ಹಿಂದಿನ ದುರ್ನಡತೆಯ ಆರೋಪಗಳಿಂದ ಅದರ ಪ್ರಸಾರವೂ ನಿಂತಿತು. ನಕ್ಷೆ ಚೆನ್ನಾಗಿದ್ದರೆ ಸಾಲದು, ಮೇಲ್ವಿಚಾರಣೆಯೂ ಬೇಕು.

ಇಂಜಿನಿಯರ್ ಆಗಿದ್ದವನಿಗೆ ಸೇತುವೆಯ ಭಾರ ಪರೀಕ್ಷೆ ನೆನಪಾಗುತ್ತದೆ. ಭಾರ ಹೇರಿ ಎಷ್ಟು ಬಾಗಿತೆಂದು ಅಳೆಯುತ್ತೇವೆ. ಭಾರ ಇಳಿಸಿ, ಎಷ್ಟರಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳಿತೆಂದು ಮರುದಿನ ಮತ್ತೆ ಅಳೆಯುತ್ತೇವೆ. ಅವಮಾನ ಮಾರುವ ಕಾರ್ಯಕ್ರಮಗಳಲ್ಲಿ ಈ ಎರಡನೆಯ ಅಳತೆ ಇಲ್ಲ. ಬ್ರಿಟನ್ನಿನ ‘ದ ಜೆರೆಮಿ ಕೈಲ್ ಷೋ’ 2005ರಿಂದ ಮನೆಯೊಳಗಿನ ಜಗಳಗಳನ್ನು ವೇದಿಕೆಗೆ ಎಳೆಯುತ್ತಿತ್ತು. 2019ರಲ್ಲಿ, ಪಾಲ್ಗೊಂಡಿದ್ದ ಒಬ್ಬರು ಚಿತ್ರೀಕರಣವಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಾರ್ಯಕ್ರಮವೇ ಕಾರಣವೆಂದು ಆಮೇಲಿನ ವಿಚಾರಣೆ ತೀರ್ಮಾನಿಸಲಿಲ್ಲ. ಆದರೆ ವಾಹಿನಿ ಆಗಲೇ ಅದನ್ನು ಶಾಶ್ವತವಾಗಿ ನಿಲ್ಲಿಸಿತ್ತು. ಪಾಲ್ಗೊಳ್ಳುವವರ ಕ್ಷೇಮ ನೋಡಿಕೊಳ್ಳಬೇಕೆಂಬ ನಿಯಮ ಅಲ್ಲಿ 2021ರಲ್ಲಿ ಜಾರಿಗೆ ಬಂತು.

ಒಳ್ಳೆಯ ಮಾದರಿಗೆ ನಾವು ದೂರ ಹೋಗಬೇಕಿಲ್ಲ. ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಎಲ್ಲಿ ತಪ್ಪಿತೆಂದು ಹೇಳಿ, ತಾವೇ ಹಾಡಿ ತೋರಿಸುತ್ತಿದ್ದರು. ತಿದ್ದುವುದಕ್ಕೂ ಹೀಯಾಳಿಸುವುದಕ್ಕೂ ಇರುವ ಅಂತರ ಇಷ್ಟೇ: ತಿದ್ದುವವರಿಗೆ ಆ ವಿದ್ಯೆ ಗೊತ್ತಿರಬೇಕು, ಕಲಿಯುವವರು ಗೆಲ್ಲಲೆಂಬ ಆಸೆ ಇರಬೇಕು. ಪ್ರತಿಭೆಯ ಹೆಸರಿನಲ್ಲಿ ಮಕ್ಕಳ ಬಡತನವನ್ನೂ ಕಣ್ಣೀರನ್ನೂ ಪ್ರದರ್ಶಿಸುವ ಕಾರ್ಯಕ್ರಮಗಳು ಈ ಪರೀಕ್ಷೆಯಲ್ಲಿ ಪಾಸಾಗವು.

ಟಿ.ವಿ. ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇಲ್ಲಿ ಸೋತವರು ಮನೆಗೆ ಏನು ಒಯ್ಯುತ್ತಾರೆ, ಪಾಠವನ್ನೋ ಗಾಯವನ್ನೋ? ನಮ್ಮ ಮಠಗಳ ಗಾಯನ, ಭಾಷಣ ಸ್ಪರ್ಧೆಗಳಿಗೂ ಇದೇ ಪ್ರಶ್ನೆ. ಬಹುಮಾನ ಕೊಟ್ಟು ಮುಗಿಸುವ ಬದಲು, ಬಹುಮಾನ ಬಾರದ ಪ್ರತಿ ಮಗುವಿಗೂ ತೀರ್ಪುಗಾರರು ಎರಡು ನಿಮಿಷ ಕೊಡಲಿ.

ಮನೆಯಲ್ಲಿ ನಾನು ಆಟದ ನಿಯಮ ಬದಲಿಸಿದೆ. ಎಲ್ಲರೂ ಗೋಡೆಗೆ ಮುಖ ಮಾಡಿ ಕೂರಬೇಕು, ಒಬ್ಬರು ಹಾಡಬೇಕು, ಮೆಚ್ಚಿದ್ದೇನೆಂದು ಮೊದಲು ಹೇಳಬೇಕು. ಮೂರನೆಯ ದಿನ ಚಿಕ್ಕವಳು ಹಾಡಿದಳು.