ಕಂಬಳಿ ಮೇಲೆ ಮಲಗಿದರೆ ಹಾವು ಬರುವುದಿಲ್ಲವೇ? ಕೈಯಲ್ಲಿ ನೂತ ಉಣ್ಣೆಯ ನಿಜವಾದ ಗುಣಗಳೇನು?

"ಅಪ್ಪಟ ಕುರಿ ಉಣ್ಣೆಯ ಕಂಬಳಿ ಮೇಲೆ ಮಲಗಿದರೆ ಹಾವು ಹತ್ತಿರ ಸುಳಿಯುವುದಿಲ್ಲ. ಮಂಡಿನೋವು ಮಾಯ. ಬಿಪಿ ಹತೋಟಿಗೆ ಬರುತ್ತದೆ. ಎಷ್ಟೇ ಮಳೆ ಬಂದರೂ ಒಂದು ಹನಿ ಒಳಗೆ ಇಳಿಯುವುದಿಲ್ಲ." ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಉತ್ಪ್ರೇಕ್ಷೆ ಇದೆ. ಒಂದು ಮಾತಂತೂ ಜೀವಕ್ಕೇ ಅಪಾಯ ತರುವಂಥದ್ದು.

ಕೆ.ಆರ್. ಪೇಟೆ ತಾಲೂಕಿನ ಹೇಮಗಿರಿಯಲ್ಲೋ ಪಾಂಡವಪುರ ತಾಲೂಕಿನ ಬೇಬಿ ಬೆಟ್ಟದಲ್ಲೋ ದನಗಳ ಜಾತ್ರೆ ನೋಡಿದವರಿಗೆ ಇದು ಗೊತ್ತು: ರೈತರು ರಾತ್ರಿ ಎತ್ತುಗಳ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಾರೆ. ಶ್ರೀರಂಗಪಟ್ಟಣದ ಗದ್ದೆ ಬಯಲಿನಲ್ಲಿ, ನಾಗಮಂಗಲದ ಹೊಲಗಳಲ್ಲಿ ಕಾವಲು ಕಾಯುವವರೂ ಹಾಗೆಯೇ. ಅವರು ನಂಬಿ ಮಲಗುವ ಕಂಬಳಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯಬೇಕಾದರೆ ಮೊದಲು ನೂಲಿನಿಂದ ಶುರು ಮಾಡೋಣ.

ಎಳೆ ನೂಲಾಗುವುದು ಹೇಗೆ?

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ದೀಪದ ಬತ್ತಿ ಹೊಸೆಯುವ ಹತ್ತಿಯಿಂದ ಸ್ವಲ್ಪ ತೆಗೆದು ಎರಡೂ ಕಡೆ ಹಿಡಿದು ಎಳೆಯಿರಿ. ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಇನ್ನೊಂದು ತುಣುಕನ್ನು ಚೆನ್ನಾಗಿ ಹೊಸೆದು ಎಳೆಯಿರಿ. ಈಗ ಅಷ್ಟು ಸುಲಭವಾಗಿ ಕಿತ್ತು ಬರುವುದಿಲ್ಲ. ಹತ್ತಿ ಅದೇ, ಆದರೆ ಹುರಿ ಬಿದ್ದಿದೆ.

ನೂಲುವುದು ಎಂದರೆ ಇಷ್ಟೇ: ಎಳೆಗಳನ್ನು ತೆಳ್ಳಗೆ ಎಳೆಯುತ್ತಾ ಹುರಿ ಹಾಕುವುದು. ಹುರಿ ಬಿದ್ದಾಗ ಎಳೆಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ. ಎಳೆದಷ್ಟೂ ಆ ಹಿಡಿತ ಬಿಗಿಯಾಗುತ್ತದೆ. ತಕಲಿ, ರಾಟೆ, ಗಿರಣಿಯ ಯಂತ್ರ ಎಲ್ಲವೂ ಮಾಡುವುದು ಇದೇ ಕೆಲಸವನ್ನು.

ರೇಷ್ಮೆಯ ದಾರಿ ಬೇರೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಒಂದೇ ಎಳೆ ಇರುವುದರಿಂದ ಅದನ್ನು ಬಿಚ್ಚಿದರೆ ಸಾಕು. ಅದಕ್ಕೇ ರಾಮನಗರದ ಕಡೆ ರೇಷ್ಮೆ 'ಬಿಚ್ಚಾಣಿಕೆ' ಎನ್ನುತ್ತಾರೆ, ನೂಲುವುದು ಎನ್ನುವುದಿಲ್ಲ.

ಉಣ್ಣೆಗೆ ಎರಡು ಅನುಕೂಲಗಳಿವೆ. ಅದರ ಎಳೆ ಸುರುಳಿ ಸುರುಳಿಯಾಗಿರುತ್ತದೆ, ಮೇಲ್ಮೈಯಲ್ಲಿ ಮೀನಿನ ಪೊರೆಯಂಥ ಸಣ್ಣ ಚಿಪ್ಪುಗಳಿರುತ್ತವೆ. ಎರಡೂ ಸೇರಿ ಎಳೆಗಳು ಪರಸ್ಪರ ಹಿಡಿದುಕೊಳ್ಳುತ್ತವೆ, ನಡುವೆ ಗಾಳಿಯೂ ಸಿಕ್ಕಿಕೊಳ್ಳುತ್ತದೆ. ಕಂಬಳಿಯ ಬೆಚ್ಚಗಿನ ಗುಟ್ಟು ಈ ಗಾಳಿಯೇ. ಕಂಬಳಿ ತಾನಾಗಿ ಶಾಖ ತಯಾರಿಸುವುದಕ್ಕಿಂತ ಹೆಚ್ಚಾಗಿ ನಿಮ್ಮ ಮೈಯ ಶಾಖವನ್ನೇ ಹಿಡಿದಿಡುತ್ತದೆ.

ಬನ್ನೂರು ಕುರಿಯ ಉಣ್ಣೆಯಿಂದ ಕಂಬಳಿ ಆಗುತ್ತದೆಯೇ?

ಮಂಡ್ಯ ಎಂದರೆ ಬನ್ನೂರು ಕುರಿ, ಬಂಡೂರು ಕುರಿ ಎಂದೇ ಹೆಸರು. ಹಾಗಾಗಿ ಒಳ್ಳೆಯ ಕಂಬಳಿಯೂ ಇದರದ್ದೇ ಎಂದು ಹಲವರು ತಿಳಿದಿದ್ದಾರೆ. ಆದರೆ ಗಿಡ್ಡ ಕಾಲಿನ, ದುಂಡು ಮೈಯ ಈ ತಳಿ ಹೆಸರಾಗಿರುವುದು ಮಾಂಸಕ್ಕೆ. ಇದರ ಮೈಮೇಲಿರುವುದು ಬಹುಪಾಲು ಒರಟು ಕೂದಲು. ಅಂಥ ಕೂದಲು ನೆಟ್ಟಗೆ ಇರುತ್ತದೆ, ನುಣುಪಾಗಿ ಜಾರುತ್ತದೆ, ಹುರಿ ಸರಿಯಾಗಿ ನಿಲ್ಲುವುದಿಲ್ಲ.

ನಮ್ಮ ರಾಜ್ಯದ ಕರಿ ಕಂಬಳಿಗೆ ಮುಖ್ಯ ಆಧಾರ ದಖ್ಖನಿ ಕುರಿ. ಚಿತ್ರದುರ್ಗ, ಬಳ್ಳಾರಿ, ಗದಗ, ಹಾವೇರಿ ಕಡೆಯ ಒಣ ಸೀಮೆಯಲ್ಲಿ ಇವು ಹೆಚ್ಚು. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದಿರುವುದೂ ಇದರಿಂದಲೇ. ಕತ್ತರಿಸಿದ ಉಣ್ಣೆಯನ್ನು ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹುಣಸೆ ಬೀಜದ ಗಂಜಿ ಹಾಕಿ ಬಿರುಸು ಮಾಡಿದ ನೂಲು ಕುಣಿ ಮಗ್ಗದಲ್ಲಿ ಕಂಬಳಿಯಾಗುತ್ತದೆ. ಒಂದು ಮಗ್ಗಕ್ಕೆ ಕೆಲಸ ಕೊಡಲು ಹಲವರು ಕೂತು ನೂಲಬೇಕು. ಕೈನೂಲಿನ ಕಂಬಳಿಗೆ ಬೆಲೆ ಹೆಚ್ಚಾಗುವುದು ಮುಖ್ಯವಾಗಿ ಈ ದುಡಿಮೆಯಿಂದ.

ಮಳೆ ನಿಜವಾಗಿಯೂ ಇಳಿಯುವುದಿಲ್ಲವೇ?

ಅರ್ಧ ನಿಜ. ಉಣ್ಣೆಯ ಹೊರಮೈ ಹನಿಯನ್ನು ಜಾರಿಸುತ್ತದೆ, ಕುರಿಯ ಮೈಯ ಜಿಡ್ಡು ಉಳಿದಿದ್ದರೆ ಇನ್ನೂ ಚೆನ್ನ. ಎಳೆಯ ಒಳಭಾಗ ತನ್ನ ತೂಕದ ಸುಮಾರು 30 ಶೇಕಡಾ ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಹೀಗೆ ಹೀರುವಾಗ ಸ್ವಲ್ಪ ಶಾಖವೂ ಹೊರಬರುತ್ತದೆ. ಹಾಗಾಗಿ ಸೋನೆ ಮಳೆಗೆ ಕಂಬಳಿ ಕೊಪ್ಪೆ ಒಳ್ಳೆಯ ಆಸರೆ. ಆದರೆ ತಾಸುಗಟ್ಟಲೆ ಜಡಿಮಳೆ ಹಿಡಿದರೆ ಕಂಬಳಿಯೂ ನೆನೆದು ಭಾರವಾಗುತ್ತದೆ. ಬಿಸಿ ನೀರಲ್ಲಿ ಡಿಟರ್ಜೆಂಟ್ ಹಾಕಿ ಉಜ್ಜಿದರೆ ಜಿಡ್ಡು ಹೋಗುತ್ತದೆ, ಕಂಬಳಿ ಕುಗ್ಗುತ್ತದೆ.

ಮಂಡಿನೋವು, ಬಿಪಿ ವಾಸಿಯಾಗುತ್ತದೆಯೇ?

ಚಳಿಯಲ್ಲಿ ಬಿಗಿದ ಕೀಲಿಗೆ ಬೆಚ್ಚಗೆ ಸಿಕ್ಕರೆ ಹಾಯೆನಿಸುತ್ತದೆ. ಯಾವ ಬೆಚ್ಚನೆಯ ಹೊದಿಕೆಯಿಂದಲೂ ಅದು ಸಾಧ್ಯ. ಕಂಬಳಿ ಸಂಧಿವಾತವನ್ನು ವಾಸಿ ಮಾಡುತ್ತದೆ, ಬಿಪಿ ಇಳಿಸುತ್ತದೆ ಎನ್ನಲು ಆಧಾರವಿಲ್ಲ. ಇದನ್ನು ನಂಬಿ ಮಾತ್ರೆ ಬಿಡಬೇಡಿ.

ಕಂಬಳಿ ಚುಚ್ಚಿದರೆ 'ಉಣ್ಣೆ ಅಲರ್ಜಿ' ಎಂದು ಹೆದರಬೇಕಾಗಿಲ್ಲ. ಸುಮಾರು 30 ಮೈಕ್ರಾನ್‌ಗಿಂತ ದಪ್ಪದ ಎಳೆಯ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ. ದಖ್ಖನಿ ಉಣ್ಣೆ ಒರಟು, ಮೆರಿನೋ ಉಣ್ಣೆ ಸುಮಾರು 20 ಮೈಕ್ರಾನ್. ವ್ಯತ್ಯಾಸ ಹೆಚ್ಚಾಗಿ ಇಷ್ಟೇ.

ಹಾವಿನ ಮಾತು: ಇದನ್ನು ದಯವಿಟ್ಟು ಗಮನಿಸಿ

ಕಂಬಳಿ ಚುಚ್ಚುತ್ತದೆ, ಅದಕ್ಕೇ ಹಾವು ಅದರ ಮೇಲೆ ಹರಿಯುವುದಿಲ್ಲ ಎಂಬುದು ವಾದ. ಹಾವು ಕಲ್ಲು, ಮುಳ್ಳು, ಕಬ್ಬಿನ ತರಗಿನ ಮೇಲೆ ಸಲೀಸಾಗಿ ಹರಿಯುತ್ತದೆ. ಅದಕ್ಕೆ ಕಷ್ಟವಾಗುವುದು ಗಾಜಿನಂಥ ನುಣುಪು ಜಾಗ, ಒರಟು ಜಾಗವಲ್ಲ. ಅಮೆರಿಕದ ದನಗಾಹಿಗಳಲ್ಲೂ ಇಂಥದ್ದೇ ನಂಬಿಕೆ ಇತ್ತು: ಕುದುರೆ ಕೂದಲಿನ ಹಗ್ಗವನ್ನು ಹಾಸಿಗೆಯ ಸುತ್ತ ಇಟ್ಟರೆ ಹಾವು ದಾಟುವುದಿಲ್ಲ ಎಂದು. ಹಾವುಗಳು ಅದನ್ನು ದಾಟುತ್ತವೆ.

ನೆಲದ ಮೇಲೆ ಮಲಗಿದವರಿಗೆ ದೊಡ್ಡ ಅಪಾಯ ಕಟ್ಟುಹಾವು. ಇದು ರಾತ್ರಿ ಸಂಚರಿಸುತ್ತದೆ. ಕಡಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ಉಸಿರಾಟದ ತೊಂದರೆ ಆಮೇಲೆ ಬರುತ್ತವೆ.

ಸಾಧ್ಯವಾದರೆ ಮಂಚದ ಮೇಲೆ ಮಲಗಿ. ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ಸೇರಿಸಿ. ಪರದೆಯೊಳಗೆ ಮಲಗಿದವರಿಗೆ ಹಾವು ಕಡಿತ ಕಡಿಮೆ ಎಂದು ನೇಪಾಳದ ಹಳ್ಳಿಗಳಲ್ಲಿ ನಡೆದ ಅಧ್ಯಯನ ಕಂಡುಕೊಂಡಿದೆ. ರಾತ್ರಿ ಎದ್ದರೆ ಟಾರ್ಚ್ ಹಿಡಿಯಿರಿ. ಕಡಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಡಿದ ಭಾಗ ಅಲುಗಾಡದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಹಾವಿನ ವಿಷಕ್ಕೆ ಇರುವ ಮದ್ದು ಪ್ರತಿವಿಷ ಮಾತ್ರ. ಈ ಸಮಸ್ಯೆ ಎಷ್ಟು ಗಂಭೀರವೆಂದರೆ, ಪ್ರತಿಯೊಂದು ಹಾವು ಕಡಿತ ಪ್ರಕರಣವೂ ಆರೋಗ್ಯ ಇಲಾಖೆಗೆ ವರದಿಯಾಗಲೇಬೇಕು ಎಂದು ಕರ್ನಾಟಕ 2024ರಲ್ಲಿ ನಿಯಮ ಮಾಡಿತು.

ಅಸಲಿ ಉಣ್ಣೆ ಗುರುತಿಸುವುದು ಹೇಗೆ?

ಅಂಚಿನಿಂದ ಒಂದೇ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ತಟ್ಟೆಯ ಮೇಲೆ ಬೆಂಕಿಗೆ ತಾಗಿಸಿ. ಪಕ್ಕದಲ್ಲಿ ನೀರಿರಲಿ, ಮಕ್ಕಳು ದೂರವಿರಲಿ.

ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಒಲೆಯ ಹತ್ತಿರ, ಬೆಂಕಿ ಕಾಯಿಸುವಾಗ ಇಂಥ ಹೊದಿಕೆ ಕರಗಿ ಮೈಗೆ ಅಂಟಿಕೊಳ್ಳುವ ಭಯವಿದೆ.

ಈ ಪರೀಕ್ಷೆ ಹೇಳುವುದು ಎಳೆ ಯಾವುದು ಎಂದು ಮಾತ್ರ. ಕೈಯಲ್ಲಿ ನೂತದ್ದೋ ಅಲ್ಲವೋ ಎಂದು ಹೇಳುವುದಿಲ್ಲ. ನೂಲು ಉಬ್ಬುತಗ್ಗಾಗಿದ್ದರೆ ಕೈನೂಲು ಎನ್ನುತ್ತಾರೆ, ಆದರೆ ಗಿರಣಿಯಲ್ಲೂ ಬೇಕೆಂದೇ ಹಾಗೆ ಮಾಡಬಹುದು. 'ಕೈಮಗ್ಗ' ಎಂದರೆ ನೇಯ್ಗೆ ಕೈಯದ್ದು, ನೂಲು ಗಿರಣಿಯದ್ದೂ ಇರಬಹುದು. 1956ರ ಖಾದಿ ಆಯೋಗದ ಕಾಯ್ದೆ ಪ್ರಕಾರ ನೂಲೂ ಕೈಯದ್ದು, ನೇಯ್ಗೆಯೂ ಕೈಯದ್ದು ಆದರೆ ಮಾತ್ರ ಖಾದಿ. ಹತ್ತಿ, ರೇಷ್ಮೆ, ಉಣ್ಣೆ ಮೂರಕ್ಕೂ ಇದೇ ಮಾತು. ಹಾಗಾಗಿ ಖಾದಿ ಮಾರ್ಕ್ ನೋಡಿ, ಇಲ್ಲವೇ ನೂತವರು, ನೇಯ್ದವರ ಕೈಯಿಂದಲೇ ಕೊಳ್ಳಿ. ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಬಹುಕಾಲದಿಂದ ಖಾದಿ ಕೆಲಸ ನಡೆಸಿಕೊಂಡು ಬಂದಿದೆ.

ಕೊನೆಯ ಮಾತು

ಕಂಬಳಿಗೆ ನಮ್ಮಲ್ಲಿ ದೊಡ್ಡ ಗೌರವವಿದೆ. ಬೀರಪ್ಪನ ಪೂಜೆಗೆ ಕಂಬಳಿ ಗದ್ದುಗೆ ಬೇಕು. ಮದುವೆಯ ಕಂಕಣದ ದಾರ ಯಾವುದು ಎಂಬುದರ ಮೇಲೆ ಕುರುಬರಲ್ಲಿ ಹತ್ತಿ ಕಂಕಣ, ಉಣ್ಣೆ ಕಂಕಣ ಎಂಬ ಪಂಗಡಗಳೇ ಇವೆ. ಆ ಗೌರವಕ್ಕೆ ಸುಳ್ಳಿನ ಆಸರೆ ಬೇಕಿಲ್ಲ. ಬೆಚ್ಚಗಿಡುತ್ತದೆ, ಸೋನೆ ಮಳೆ ತಡೆಯುತ್ತದೆ, ಬೇಗ ಬೆಂಕಿ ಹಿಡಿಯುವುದಿಲ್ಲ, ನೂಲುವವರ ಮನೆಯ ಒಲೆ ಉರಿಸುತ್ತದೆ. ಕಂಬಳಿ ಕೊಳ್ಳಲು ಇಷ್ಟು ಕಾರಣ ಸಾಲದೇ?

ಹಾವಿನ ಸಂದೇಶ ಮುಂದೆ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಬದಲು ಸೊಳ್ಳೆಪರದೆಯ ಮಾತನ್ನು ತಿಳಿಸಿ. ಜಾತ್ರೆಯಲ್ಲಿ, ಹೊಲದಲ್ಲಿ ನೆಲದ ಮೇಲೆ ಮಲಗುವವರೊಬ್ಬರ ಜೀವ ಅದರಿಂದ ಉಳಿಯಬಹುದು.