ನ್ಯಾಯಾಲಯದ ಅಂಗಳದಲ್ಲಿ ಭಯವಿದ್ದರೆ ಯಾರಿಗೆ ಹೇಳಬೇಕು?

2022ರ ಆಗಸ್ಟ್ 13. ಹೊಳೆನರಸೀಪುರದ ನ್ಯಾಯಾಲಯದಲ್ಲಿ ಲೋಕ ಅದಾಲತ್. ವಿಚ್ಛೇದನದ ಹೊಸ್ತಿಲಲ್ಲಿದ್ದ ದಂಪತಿ ಆಪ್ತಸಮಾಲೋಚನೆಯ ನಂತರ ಒಂದಾಗಿ ಬಾಳಲು ಒಪ್ಪಿದ್ದರು. ಸ್ವಲ್ಪ ಹೊತ್ತಿನಲ್ಲೇ ಪತಿ ಶೌಚಾಲಯದ ಕಡೆ ಹೋದ ಪತ್ನಿಯನ್ನು ಹಿಂಬಾಲಿಸಿ, ಆವರಣದೊಳಗೇ ಕತ್ತು ಕೊಯ್ದ. ಆಕೆ ಬದುಕುಳಿಯಲಿಲ್ಲ.

ನ್ಯಾಯಾಲಯದ ಭದ್ರತೆ ಎಂದಾಗ ನಮಗೆ ನೆನಪಾಗುವುದು ಇಂತಹ ಘಟನೆಯಲ್ಲ. 2021ರ ಸೆಪ್ಟೆಂಬರ್‌ನಲ್ಲಿ ವಕೀಲರ ವೇಷದಲ್ಲಿ ಬಂದ ಇಬ್ಬರು ದೆಹಲಿಯ ರೋಹಿಣಿ ನ್ಯಾಯಾಲಯದೊಳಗೆ ವಿಚಾರಣಾಧೀನ ಕೈದಿಯೊಬ್ಬನನ್ನು ಗುಂಡಿಕ್ಕಿ ಕೊಂದದ್ದು ದೇಶವಿಡೀ ಸುದ್ದಿಯಾಯಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ನ್ಯಾಯಾಲಯ ಸಂಕೀರ್ಣಕ್ಕೂ ಖಾಯಂ ಭದ್ರತಾ ಘಟಕ, ಸಿಸಿಟಿವಿ, ಪ್ರವೇಶದ್ವಾರದಲ್ಲಿ ತಪಾಸಣೆ ಇರುವಂತೆ ಯೋಜನೆ ರೂಪಿಸಲು ಸೂಚಿಸಿತು. ಒಳ್ಳೆಯದೇ. ಆದರೆ ಯಂತ್ರಕ್ಕೆ ಕತ್ತಿ ಕಾಣುತ್ತದೆ, ಬೆದರಿಕೆ ಕಾಣುವುದಿಲ್ಲ. ಕುಟುಂಬ ವ್ಯಾಜ್ಯಗಳಲ್ಲಿ ಅಪಾಯದ ಸುಳಿವು ಮೊದಲು ಸಿಗುವುದು ಮನೆಯವರಿಗೆ, ವಕೀಲರಿಗೆ, ಸಮಾಲೋಚಕರಿಗೆ. ಧರ್ಮಕೇಂದ್ರಗಳಲ್ಲಿ ದಂಪತಿಗಳನ್ನು ಕೂರಿಸಿ ಮಾತನಾಡಿಸುವ ನಮಗೂ ಸಿಗುತ್ತದೆ. "ರಾಜಿಯಾಯಿತು" ಎಂಬ ಮಾತಿಗೆ ನಾವೂ ತುಸು ಬೇಗನೇ ಸಮಾಧಾನಪಡುತ್ತೇವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಸುಳಿವನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದಕ್ಕೆ 2011ರ ದೆಹಲಿ ಹೈಕೋರ್ಟ್ ಸಾಕ್ಷಿ. ಆ ವರ್ಷ ಮೇ 25ರಂದು ಅದರ ಹೊರಗೆ ಸಣ್ಣ ಸ್ಫೋಟವಾಯಿತು, ಯಾರೂ ಸಾಯಲಿಲ್ಲ. ಸೆಪ್ಟೆಂಬರ್ 7ರಂದು ಪಾಸ್‌ಗಾಗಿ ಜನ ಸಾಲುಗಟ್ಟಿದ್ದ ದ್ವಾರದ ಬಳಿ ಬಾಂಬ್ ಸಿಡಿದು ಹತ್ತಕ್ಕೂ ಹೆಚ್ಚು ಜನ ಸತ್ತಾಗಲೂ ಅಲ್ಲಿ ಸಿಸಿಟಿವಿ ಅಳವಡಿಸಿರಲಿಲ್ಲ!

ಹಾಗಾದರೆ ಭಯವಿರುವವರು ಏನು ಮಾಡಬೇಕು? ಬಾಯಿಮಾತಿನಲ್ಲಿ ಹೇಳಿ ಬಿಡದೆ, ಮುಂದಿನ ದಿನಾಂಕಕ್ಕೆ ಮುಂಚೆಯೇ ವಕೀಲರ ಮೂಲಕ ನ್ಯಾಯಾಧೀಶರಿಗೆ ಲಿಖಿತ ಅರ್ಜಿ ಕೊಡಬೇಕು. ಪೊಲೀಸರ ಹಾಜರಿ, ಕಾಯಲು ಪ್ರತ್ಯೇಕ ಕೊಠಡಿ, ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಹೊರಡುವ ವ್ಯವಸ್ಥೆಯನ್ನು ಅದರಲ್ಲಿ ಕೇಳಬಹುದು. ಗಂಭೀರ ಅಪರಾಧ ಪ್ರಕರಣದ ಸಾಕ್ಷಿಗಳಿಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆ ಬಂತು. ಅದರಂತೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ ಪೊಲೀಸರಿಂದ ಬೆದರಿಕೆಯ ವರದಿ ತರಿಸಿಕೊಂಡು ರಕ್ಷಣೆಯನ್ನು ನಿರ್ಧರಿಸುತ್ತದೆ. ಮನೆಯಲ್ಲಿ ಹಿಂಸೆಗೊಳಗಾದ ಮಹಿಳೆಯರಿಗೆ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಇದ್ದಾರೆ. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯುವುದು ಬೇಡ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಒಬ್ಬಂಟಿಯಾಗಿ ನ್ಯಾಯಾಲಯಕ್ಕೆ ಹೋಗುವ ಸಹೋದರಿ ನಿಮ್ಮ ವಾಳೆಯಲ್ಲಿದ್ದರೆ ಆ ದಿನ ಜೊತೆಗೆ ಹೋಗಿ. ರಾಜಿಯಾದ ಮೇಲೂ ಆಕೆ ಮನೆ ತಲುಪುವವರೆಗೆ ಜೊತೆಗಿರಿ.