ಕೇಳದೆ ಓದಿದ ಚಿತ್ರಗಳು: ಕಂಪ್ಯೂಟರ್ ಆನಿಮೇಷನ್ ಮತ್ತು ಕನ್ನಡ ವಿಮರ್ಶೆ

ಧಾರವಾಡದಲ್ಲಿ ನಡೆದ ಒಂದು ವಿಚಾರಗೋಷ್ಠಿಯಲ್ಲಿ ಸಂಶೋಧನ ವಿದ್ಯಾರ್ಥಿಯೊಬ್ಬರು 'ಶ್ರೆಕ್' (2001) ಚಿತ್ರವನ್ನು ಕುರಿತು ಪ್ರಬಂಧ ಮಂಡಿಸಿದರು. ಡಿಸ್ನಿ ಸಂಸ್ಥೆ ಜನಪ್ರಿಯಗೊಳಿಸಿದ ರಾಜಕುಮಾರಿಯ ಕಥನವನ್ನು ಈ ಚಿತ್ರ ಹೇಗೆ ಒಡೆಯುತ್ತದೆ, ಕುರೂಪಿಯೆಂದು ಊರಾಚೆ ತಳ್ಳಲ್ಪಟ್ಟ 'ಅನ್ಯ' ಹೇಗೆ ಕೇಂದ್ರಕ್ಕೆ ಬರುತ್ತಾನೆ ಎಂಬುದನ್ನು ಅಚ್ಚುಕಟ್ಟಾಗಿ ವಿವರಿಸಿದರು. ಚರ್ಚೆಯ ವೇಳೆ ನಾನು ಕೇಳಿದ್ದು ಒಂದೇ ಪ್ರಶ್ನೆ: ನೀವು ನೋಡಿದ ಚಿತ್ರದಲ್ಲಿ ಶ್ರೆಕ್ ಯಾವ ಭಾಷೆ ಆಡುತ್ತಾನೆ? ಅವರು ತುಸು ತಡೆದು, 'ಹಿಂದಿ' ಎಂದರು. ಪ್ರಬಂಧದಲ್ಲಿ ಈ ಸಂಗತಿ ಎಲ್ಲಿಯೂ ಇರಲಿಲ್ಲ. ನೋಡಿದ್ದು ಹಿಂದಿಯಲ್ಲಿ, ಉದ್ಧರಿಸಿದ್ದು ಇಂಗ್ಲಿಷ್ ಸಂಭಾಷಣೆಯನ್ನು, ಬರೆದದ್ದು ಕನ್ನಡದಲ್ಲಿ. ಅವರನ್ನು ದೂಷಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮಾರ್ಗದರ್ಶಕರಾದ ನಾವೇ ಈ ಪ್ರಶ್ನೆಯನ್ನು ಕೇಳಿಕೊಂಡಿಲ್ಲ.

ಪೂರ್ಣವಾಗಿ ಕಂಪ್ಯೂಟರಿನಲ್ಲಿಯೇ ತಯಾರಾದ ಮೊದಲ ಕಥಾಚಿತ್ರ 'ಟಾಯ್ ಸ್ಟೋರಿ' ತೆರೆಕಂಡದ್ದು 1995ರಲ್ಲಿ. ಅಲ್ಲಿಂದೀಚೆಗೆ ಈ ಬಗೆಯ ಚಿತ್ರಗಳ ಮೇಲೆ ಪಶ್ಚಿಮದಲ್ಲಿ ದೊಡ್ಡ ವಿಮರ್ಶಾ ಸಾಹಿತ್ಯವೇ ಬೆಳೆದಿದೆ. ಅದಕ್ಕೆ ಹಿನ್ನೆಲೆಯಾಗಿ ಡಾರ್ಫ್‌ಮನ್ ಮತ್ತು ಮ್ಯಾಟಲಾರ್ 1971ರಲ್ಲಿ ಚಿಲಿ ದೇಶದಲ್ಲಿ ಡೊನಾಲ್ಡ್ ಡಕ್ ಚಿತ್ರಕಥೆಗಳನ್ನು ಸಾಮ್ರಾಜ್ಯಶಾಹಿಯ ಪಠ್ಯಗಳೆಂದು ಓದಿದ ಕೃತಿಯಿದೆ. ತದ್ವಿರುದ್ಧವಾಗಿ, ಹಾಲ್ಬರ್‌ಸ್ಟಾಮ್ 2011ರ ಕೃತಿಯಲ್ಲಿ ಇಂಥ ಕೆಲವು ಚಿತ್ರಗಳೊಳಗೆ ಸಾಮೂಹಿಕ ಬಂಡಾಯದ ಕನಸನ್ನು ಕಂಡರು. ನಮ್ಮ ಪ್ರಬಂಧಗಳು ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ. ತಪ್ಪೇನಿಲ್ಲ. ಆದರೆ ಈ ಓದುಗಳು ನಮ್ಮಲ್ಲಿಗೆ ಬರುವಾಗ ಚಿತ್ರ ಮತ್ತು ಕಥೆ ಮಾತ್ರ ಉಳಿದು, ಮಾತು ಬಿದ್ದುಹೋಗಿದೆ. ಚಿತ್ರ ಎಲ್ಲ ದೇಶಗಳಲ್ಲೂ ಬಹುತೇಕ ಒಂದೇ ಆಗಿರುವಾಗ, ಪಾತ್ರವೊಂದು ಯಾವ ಸೀಮೆಯದು, ಯಾವ ವರ್ಗದ್ದು ಎಂಬುದನ್ನು ಪ್ರೇಕ್ಷಕನಿಗೆ ತಿಳಿಸುವುದು ಮುಖ್ಯವಾಗಿ ಮಾತೇ.

ಶ್ರೆಕ್ ಪಾತ್ರಕ್ಕೆ ಧ್ವನಿ ನೀಡಿದ ಮೈಕ್ ಮೈಯರ್ಸ್ ಒಮ್ಮೆ ಮುಗಿಸಿದ ಧ್ವನಿಮುದ್ರಣವನ್ನು ಬಿಟ್ಟು, ಸ್ಕಾಟ್ಲೆಂಡಿನ ಉಚ್ಚಾರಣೆಯಲ್ಲಿ ಮತ್ತೆ ಮಾತನಾಡಿದ್ದು ಪ್ರಸಿದ್ಧ ಸಂಗತಿ. ಜೊತೆಗಾರ ಕತ್ತೆಗೆ ಕರಿಯ ಅಮೆರಿಕನ್ ನಟ ಎಡ್ಡಿ ಮರ್ಫಿಯ ಧ್ವನಿ. ಚಿತ್ರದ ಸಾಮಾಜಿಕ ಅರ್ಥದ ದೊಡ್ಡ ಪಾಲು ಇಲ್ಲಿಯೇ ಇದೆ. ಹಿಂದಿಯ ಪ್ರತಿಯಲ್ಲಿ ಅದು ಉಳಿಯುವುದಿಲ್ಲ, ಅದರ ಬದಲಿಗೆ ಬೇರೊಂದು ಬರುತ್ತದೆ. ಭಾಷಾವಿಜ್ಞಾನಿ ರೊಸಿನಾ ಲಿಪ್ಪಿ-ಗ್ರೀನ್ 1997ರ ತಮ್ಮ ಕೃತಿಯಲ್ಲಿ ಡಿಸ್ನಿಯ 24 ಆನಿಮೇಷನ್ ಚಿತ್ರಗಳ 371 ಪಾತ್ರಗಳನ್ನು ಪರಿಶೀಲಿಸಿ, ವಿದೇಶಿ ಉಚ್ಚಾರಣೆಯುಳ್ಳ ಪಾತ್ರಗಳ ಪಾಲಿಗೆ ಕೆಡುಕು ಹೆಚ್ಚಾಗಿ ಬಂದಿರುವುದನ್ನು ತೋರಿಸಿದರು. ಯಾರ ಬಾಯಲ್ಲಿ ಯಾವ ನುಡಿ ಎಂಬುದನ್ನು ಕಲಿಯುವ ಮಗು, ಯಾರನ್ನು ನಂಬಬೇಕು, ಯಾರನ್ನು ನೋಡಿ ನಗಬೇಕು ಎಂಬುದನ್ನೂ ಕಲಿಯುತ್ತದೆ.

ಇದು ನಮಗೆ ಹೊಸ ವಿಚಾರವಾಗಬೇಕಿರಲಿಲ್ಲ. ನಾಟ್ಯಶಾಸ್ತ್ರದ ಭಾಷಾವಿಧಾನವನ್ನು ಎಂ.ಎ. ತರಗತಿಗಳಲ್ಲಿ ಪಾಠ ಮಾಡುವವರು ನಾವು. ಉತ್ತಮ ಪಾತ್ರಗಳಿಗೆ ಸಂಸ್ಕೃತ, ಸ್ತ್ರೀಯರಿಗೂ ಕೆಳಸ್ತರದವರಿಗೂ ಪ್ರಾಕೃತದ ಪ್ರಭೇದಗಳು. ವಿದೂಷಕ ಬ್ರಾಹ್ಮಣನಾಗಿದ್ದರೂ ಅವನ ಮಾತು ಪ್ರಾಕೃತವೇ. ಭಾಷೆಯ ಮೂಲಕ ಅಂತಸ್ತನ್ನು ಹಂಚುವ ಈ ವಿಧಾನವನ್ನು ಪರೀಕ್ಷೆಯ ಟಿಪ್ಪಣಿಯಾಗಿ ಉಳಿಸಿಕೊಂಡೆವೇ ಹೊರತು ಸಿನಿಮಾ ನೋಡುವ ಕಣ್ಣಾಗಿ, ಅಲ್ಲ, ಕಿವಿಯಾಗಿ ಬಳಸಲಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆಗೆ ಬೇರೆಯದೇ ಚರಿತ್ರೆಯಿದೆ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ಪರಭಾಷೆಯ ಚಿತ್ರಗಳು ಚಿತ್ರಮಂದಿರದಲ್ಲಿ ಕನ್ನಡ ಮಾತನಾಡದ ಸ್ಥಿತಿ ದಶಕಗಳ ಕಾಲ ನಡೆಯಿತು. ಭಾರತೀಯ ಸ್ಪರ್ಧಾ ಆಯೋಗ ಈ ಅಘೋಷಿತ ನಿಷೇಧದ ವಿರುದ್ಧ ಆದೇಶ ನೀಡಿದ್ದು 2015ರ ಜುಲೈನಲ್ಲಿ. ಚಳವಳಿಯ ಹಿರಿಯರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಂದಿನ ಪುಟ್ಟ ಕನ್ನಡ ಚಿತ್ರೋದ್ಯಮಕ್ಕೆ ರಕ್ಷಣೆ ಬೇಕಿತ್ತು. ಆದರೆ ಅವರ ವಾದ ಅತ್ಯಂತ ದುರ್ಬಲವಾಗಿದ್ದ ಎಡೆ ಆನಿಮೇಷನ್. ನಟನ ದೇಹದಿಂದ ಅವನ ಧ್ವನಿಯನ್ನು ಕಿತ್ತು ಬೇರೊಬ್ಬರ ಧ್ವನಿ ಹಚ್ಚುವುದು ಕೃತಕವೆಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಆನಿಮೇಷನ್ನಿನ ಬೊಂಬೆಗೆ ಹುಟ್ಟಿನಿಂದ ಬಂದ ಧ್ವನಿಯೇ ಇಲ್ಲ. ಇಂಗ್ಲಿಷಿನಲ್ಲಿಯೂ ಅದಕ್ಕೆ ಯಾರೋ ಸ್ಟುಡಿಯೋದಲ್ಲಿ ಕುಳಿತು ಬಾಯಿ ಕೊಡಬೇಕು. ತುಟಿಯ ಚಲನೆ ಇಂಗ್ಲಿಷಿನದು ಎಂಬುದಷ್ಟೇ ಉಳಿಯುವ ತೊಡಕು. ಹೀಗಿದ್ದೂ ಹುಬ್ಬಳ್ಳಿಯ ಮಕ್ಕಳು ಈ ಬೊಂಬೆಗಳನ್ನು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಕೇಳುತ್ತ ಬೆಳೆದರು.

ಈಗ ಪರಿಸ್ಥಿತಿ ಬದಲಾಗಿದೆ. 2023ರಲ್ಲಿ ಸ್ಪೈಡರ್-ಮ್ಯಾನ್ ಸರಣಿಯ ಆನಿಮೇಷನ್ ಚಿತ್ರ 'ಅಕ್ರಾಸ್ ದ ಸ್ಪೈಡರ್-ವರ್ಸ್' ಇಂಗ್ಲಿಷಿನೊಡನೆ ಭಾರತದ ಒಂಬತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಅವುಗಳಲ್ಲಿ ಕನ್ನಡವೂ ಒಂದು. 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ್ ನರಸಿಂಹ' ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಂದು, ಕುಟುಂಬಗಳು ಮಕ್ಕಳೊಡನೆ ಹೋಗಿ ನೋಡಿದ ಚಿತ್ರವಾಯಿತು. ಇದನ್ನು ಸಿದ್ಧಾಂತದ ಕಣ್ಣಿನಿಂದ ನೋಡುವವರು ಪುರಾಣದ ಮಾರುಕಟ್ಟೀಕರಣವನ್ನೋ ಧಾರ್ಮಿಕ ಅಸ್ಮಿತೆಯ ರಾಜಕಾರಣವನ್ನೋ ಗುರುತಿಸಬಹುದು. ನನಗೆ ಅದಕ್ಕಿಂತ ಮೊದಲು ಕಾಡುವುದು ಹಿರಣ್ಯಕಶಿಪುವಿನ ಕನ್ನಡ. 'ಭಕ್ತ ಪ್ರಹ್ಲಾದ' (1983) ಚಿತ್ರದ ರಾಜಕುಮಾರ್ ಅವರ ಧ್ವನಿಯನ್ನು ಕೇಳಿದ ತಲೆಮಾರಿಗೆ ಆ ಅಸುರನೆಂದರೆ ಮೊದಲಿಗೆ ಒಂದು ಮಾತಿನ ಶೈಲಿ. ಕಂಪನಿ ನಾಟಕದಿಂದ, ಬಯಲಾಟದಿಂದ ಹರಿದುಬಂದ ಈ ಪರಂಪರೆಯಲ್ಲಿ ಖಳನಿಗೆ ಸಿಗುವುದು ಕೀಳು ನುಡಿಯಲ್ಲ, ಎಲ್ಲರಿಗಿಂತ ಘನವಾದ, ಗ್ರಾಂಥಿಕವಾದ ನುಡಿ. ಡಿಸ್ನಿಯ ಖಳರನ್ನು ಕುರಿತ ಸೂತ್ರವನ್ನು ಹಾಗೆಯೇ ಇಲ್ಲಿಗೆ ತಂದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ನಮ್ಮಲ್ಲಿ ಪ್ರಾದೇಶಿಕ ನುಡಿ ಬೀಳುವುದು ಖಳನ ಪಾಲಿಗಲ್ಲ, ಹಾಸ್ಯಗಾರನ ಪಾಲಿಗೆ.

ಧಾರವಾಡದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡ ಸಿನಿಮಾದಲ್ಲಿ ನಮ್ಮ ಭಾಗದ ಆಡುನುಡಿ ಬಹುಕಾಲದಿಂದ ಮುಗ್ಧನ, ಒರಟನ, ನಗೆಪಾತ್ರದ ನುಡಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳೆಂದು ಹೆಸರಿಸಿದ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಇವುಗಳಲ್ಲಿ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, 1997ರವರೆಗೂ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಹಳೆಯ ಹಿರಿಮೆಯನ್ನು ಮೆರೆಸುವುದು ನನ್ನ ಉದ್ದೇಶವಲ್ಲ. ಪ್ರಮಾಣಭಾಷೆಯ ಪೀಠ ಊರಿಂದೂರಿಗೆ ಸರಿಯುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ, ಅಷ್ಟೆ. ಇದೇ ಆಡುನುಡಿಯಲ್ಲಿ ಬೇಂದ್ರೆಯವರು ಅನುಭಾವದ ಎತ್ತರವನ್ನು ಮುಟ್ಟಿದ್ದರೂ ತೆರೆಯ ಮೇಲೆ ಅದು ಚಿಂತಿಸುವ ಪಾತ್ರಕ್ಕೆ ಸಿಗುವುದು ಅಪರೂಪ. ಡಬ್ಬಿಂಗ್ ಬಾಗಿಲು ತೆರೆದ ಮೇಲೆ ಕನ್ನಡದ ಬೊಂಬೆಗಳಿಗೆ ಮಾತು ಬರೆಯುವವರು ಇದೇ ಹಂಚಿಕೆಯನ್ನು ಮುಂದುವರಿಸಿದರೆ, ತನ್ನ ಮನೆಯ ಮಾತು ಇರುವುದು ನಗುವುದಕ್ಕಾಗಿ ಎಂದು ನವಲಗುಂದದ ಮಗು ಕನ್ನಡದಲ್ಲಿಯೇ ಕಲಿಯುತ್ತದೆ. ಡಬ್ಬಿಂಗ್ ಬೇಕೆ ಬೇಡವೆ ಎಂಬ ಹಳೆಯ ಜಗಳದಲ್ಲಿ ಯಾವ ಕನ್ನಡ ಎಂಬ ಈ ಪ್ರಶ್ನೆಗೆ ಎಡೆಯೇ ಸಿಗಲಿಲ್ಲ.

ಇನ್ನೊಂದು ಉದಾಹರಣೆ ಇನ್ನೂ ತೊಡಕಿನದು. ಪ್ರಾಥಮಿಕ ಶಾಲೆಯಿಂದಲೇ ಕನ್ನಡಿಗರ ನಾಲಿಗೆಯ ಮೇಲಿರುವ ಗೋವಿನ ಹಾಡು 'ಪುಣ್ಯಕೋಟಿ' ಎಂಬ ಆನಿಮೇಷನ್ ಚಿತ್ರವಾಗಿ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ನಿರ್ದೇಶಕರು ವಿ. ರವಿಶಂಕರ್, ಸಂಗೀತ ಇಳಯರಾಜರದು. ಭಾಷೆ ಸಂಸ್ಕೃತ. ಸಂಸ್ಕೃತದ ಮೊದಲ ಆನಿಮೇಷನ್ ಚಿತ್ರವೆಂಬ ಹೆಗ್ಗಳಿಕೆಯೇ ಅದರ ಮುಖ್ಯ ಗುರುತಾಯಿತು. ಸಾರ್ವಜನಿಕರ ದೇಣಿಗೆಯಿಂದ ಇಂಥ ಸಾಹಸ ಮಾಡಿದವರ ಶ್ರಮ ಮೆಚ್ಚತಕ್ಕದ್ದು. ಆದರೆ ನಾಟ್ಯಶಾಸ್ತ್ರದ ಹಂಚಿಕೆಯನ್ನು ನೆನೆದು ನೋಡಿದರೆ, ಹಸು, ಕರು, ಹುಲಿ ಎಲ್ಲವೂ ಸಂಸ್ಕೃತವಾಡುವುದು ಒಂದು ಬಗೆಯ ಸಮತೆ. ಜೊತೆಗೆ, ಗೊಲ್ಲರ ದೊಡ್ಡಿಯಲ್ಲಿ ನಡೆಯುವ ಕಥೆ ತನ್ನ ಊರನ್ನು ಕಳೆದುಕೊಳ್ಳುವುದೂ ಹೌದು. ಹಾಡಿನ ಕೊನೆಗೆ ಹುಲಿ ಪ್ರಾಣ ಬಿಡುವುದನ್ನು ಕುರಿತು ನಮ್ಮಲ್ಲಿ ನಡೆದಿರುವ ವಾಗ್ವಾದಗಳು ಕಡಿಮೆಯೇನಲ್ಲ. ಹಸಿದವನು ಹಸಿವಿಗಾಗಿ ನಾಚಿ ಸಾಯಬೇಕೆ ಎಂದು ಕೇಳಿದವರಿದ್ದಾರೆ. ಆ ಹುಲಿ ಯಾವ ನುಡಿಯಲ್ಲಿ ಹಸಿವನ್ನು ಹೇಳಿಕೊಳ್ಳುತ್ತದೆ ಎಂಬುದು ಆ ವಾಗ್ವಾದದ ಹೊರಗಿನ ಸಂಗತಿಯಲ್ಲ.

ಆದ್ದರಿಂದ ವಿಭಾಗಗಳಿಗೆ ನನ್ನದೊಂದು ಸಣ್ಣ ಸಲಹೆ. ಆನಿಮೇಷನ್ ಚಿತ್ರವನ್ನು ಕುರಿತ ಯಾವುದೇ ಪ್ರಬಂಧದ ಮೊದಲ ಪುಟದಲ್ಲಿ, ಹಸ್ತಪ್ರತಿಯ ವಿವರ ಕೊಡುವಂತೆ, ನೋಡಿದ ಪ್ರತಿ ಯಾವ ಭಾಷೆಯದೆಂದು ನಮೂದಿಸುವುದು ಕಡ್ಡಾಯವಾಗಲಿ. ಪಾಠಾಂತರಗಳ ಬಗ್ಗೆ ಇಷ್ಟು ಎಚ್ಚರವಿರುವ ನಮ್ಮ ಗ್ರಂಥಸಂಪಾದನೆಯ ಶಿಸ್ತು ಇಲ್ಲಿ ಮಾತ್ರ ಮೌನವಾಗಿರಬೇಕಾದ ಕಾರಣವಿಲ್ಲ. ಕನ್ನಡ ಡಬ್ಬಿಂಗ್ ಸಂಭಾಷಣೆಗಳನ್ನು ಅನುವಾದ ಪಠ್ಯಗಳಾಗಿ ಸಂಗ್ರಹಿಸುವ ಕೆಲಸವನ್ನೂ ಈಗಲೇ ಆರಂಭಿಸಬೇಕು.

ಶ್ರೆಕ್ ಕುರಿತು ಬರೆದ ವಿದ್ಯಾರ್ಥಿ ತಮ್ಮ ಪ್ರಬಂಧವನ್ನು ಈಗ ತಿದ್ದುತ್ತಿದ್ದಾರೆ. ಆಯ್ದ ಕೆಲವು ದೃಶ್ಯಗಳ ಇಂಗ್ಲಿಷ್ ಮತ್ತು ಹಿಂದಿ ಸಂಭಾಷಣೆಗಳನ್ನು ಅಕ್ಕಪಕ್ಕ ಬರೆದುಕೊಂಡು, ಮೂರನೆಯ ಸಾಲಿನಲ್ಲಿ ತಾವೇ ಮಾಡಿದ ಧಾರವಾಡ ಕನ್ನಡದ ಅನುವಾದವನ್ನು ಇಟ್ಟಿದ್ದಾರೆ. ಓದಿ ನೋಡಿದೆ. ಅದರಲ್ಲಿ ಶ್ರೆಕ್ ನಗೆಪಾತ್ರವಾಗಿ ಉಳಿದಿಲ್ಲ. ಕತ್ತೆಗೆ ಯಾವ ಊರಿನ ಕನ್ನಡ ಕೊಡಬೇಕೆಂಬುದು ಮಾತ್ರ ಅವರಿಗೂ ನನಗೂ ಇನ್ನೂ ಇತ್ಯರ್ಥವಾಗಿಲ್ಲ.